ಅವ್ವ ಅರ್ಧಕ್ಕೆ ಬಿಟ್ಟು ಹೋದ ಕೌದಿಯನ್ನು ನಾನು ಮುಗಿಸಬೇಕಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಹಳೆ ಸೀರೆ, ಧೋತರ ಪದರ ಪದರ ಹಾಕಿ ಕೈಯಿಂದ ಹೊಲಿಯುವ ಹೊದಿಕೆ ಕೌದಿ, ಅವರು ಅರ್ಧ ಹೊಲಿದಿಟ್ಟದ್ದು ಗದಗದ ಮನೆಯ ಟ್ರಂಕಿನಲ್ಲಿದೆ. ನೀವೇ ಶುರು ಮಾಡಿದ ಎರಡು ಕೂಸಿನ ಕೌದಿಗಳೂ ಹಾಗೇ ಬಿದ್ದಿವೆ, ಸೂಜಿ ಹಿಡಿದರೆ ಕೈ ಓಡುತ್ತಿಲ್ಲ. ಅವ್ವನದನ್ನು ಮುಗಿಸಬೇಕಾ, ದುಡ್ಡು ಕೊಟ್ಟು ಯಾರ ಹತ್ತಿರವಾದರೂ ಹೊಲಿಸಲಾ, ಇಲ್ಲ ಹಾಗೇ ಇಟ್ಟುಬಿಡಲಾ ಅಂತ ಕೇಳಿದ್ದೀರಿ. ಜೊತೆಗೆ ಅತ್ತೆಯವರು "ಸತ್ತವರ ಅರಿವಿ (ಬಟ್ಟೆ) ಮನ್ಯಾಗ ಇಟ್ಕೋಬಾರ್ದು" ಅನ್ನುತ್ತಿದ್ದಾರೆ.

ನನ್ನನ್ನು ಕೇಳಿದರೆ, ಮೊದಲು ನಿಮ್ಮ ಕೂಸಿನ ಕೌದಿ ಮುಗಿಸಿ. ಅವ್ವನದರ ಬಗ್ಗೆ ಈಗ ಏನೂ ತೀರ್ಮಾನ ಬೇಡ. ಆದರೆ ಅದನ್ನು ಈ ವಾರದಲ್ಲೇ ಟ್ರಂಕಿನಿಂದ ಹೊರಗೆ ತೆಗೆಯಿರಿ. ಹೊಲಿಯೋದಕ್ಕಲ್ಲ, ಕಾಪಾಡೋದಕ್ಕೆ.

ನಾನು ಧಾರವಾಡದವಳು. ನಮ್ಮ ಅಕ್ಕ ಮತ್ತು ನಾನು ಒಂದೇ ಕೌದಿಯ ಎದುರುಬದುರು ಕೂತು ಹೊಲಿಯುತ್ತಿದ್ದೆವು. ಅವಳ ಕಡೆಯಿಂದ ಅವಳು, ನನ್ನ ಕಡೆಯಿಂದ ನಾನು. ಬೇಸಿಗೆಯಲ್ಲಿ ಊಟ ಮುಗಿಸಿ ಪಡಸಾಲೆಯಲ್ಲಿ ಹಾಸಿದರೆ ಸಂಜೆ ಚಹಾದವರೆಗೂ ಅದೇ ಕೆಲಸ. ಅಕ್ಕ ಹೋದಮೇಲೆ ನಮ್ಮದೂ ಒಂದು ಅರ್ಧಕ್ಕೆ ನಿಂತಿತ್ತು. ಅವಳ ಮಗಳ ಬಾಣಂತನಕ್ಕೆ ಅಂತ ಶುರು ಮಾಡಿದ್ದು. ಹಾಗಾಗಿ ಕೇಳಿದ್ದನ್ನಲ್ಲ, ಮಾಡಿದ್ದನ್ನೇ ಹೇಳುತ್ತಿದ್ದೇನೆ.

ಕೌದಿ ಅರ್ಧಕ್ಕೆ ನಿಂತರೆ ಅದರೊಳಗೆ ಏನಾಗುತ್ತದೆ ಗೊತ್ತಲ್ವಾ? ನಾವು ಅಂಚಿನಿಂದ ಹಿಡಿದು ಸುತ್ತು ಹಾಕುತ್ತಾ ನಡುವಿಗೆ ಬರುತ್ತೇವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅಂದರೆ ಕವಂದಿಯೂ ಹೀಗೇ ಅಂಚಿನಿಂದ ಒಳಕ್ಕೆ ಹೋಗುತ್ತದೆ. ಮೂಲೆಗಳಿಗೆ ಬಟ್ಟೆ ಮಡಚಿ 'ಫೂಲ' (ಹೂವು) ಇಡುವುದು ಅವರ ಪದ್ಧತಿ. ಹೀಗಾಗಿ ಅರ್ಧ ಹೊಲಿದ ಕೌದಿಯ ಸುತ್ತಲೂ ಬಿಗಿ, ಹೊಟ್ಟೆ ಮಾತ್ರ ಸಡಿಲು. ಮಡಚಿ ಇಟ್ಟಷ್ಟು ದಿನವೂ ಒಳಗಿನ ಧೋತರ ಜರುಗಿ ಒಂದು ಕಡೆ ಗುಂಪಾಗುತ್ತದೆ, ಮೇಲಿನ ತುಂಡುಗಳು ಇನ್ನೊಂದು ಕಡೆ ಎಳೆಯುತ್ತವೆ. ಮುಂದೊಂದು ದಿನ ಹೊಲಿಯಲು ಕೂತಾಗ ನಡುವಿನಲ್ಲಿ ಬಟ್ಟೆ ಹೆಚ್ಚಾಗಿ ಮಡಿಕೆ ಎದ್ದಿರುತ್ತದೆ. ಆಮೇಲೆ ಅವ್ವನ ಹೊಲಿಗೆಯನ್ನೇ ಬಿಚ್ಚಬೇಕಾಗುತ್ತದೆ. ಅದು ಯಾರಿಗೂ ಬೇಡ. ದುಃಖ ಎಷ್ಟು ದಿನ ಬೇಕಾದರೂ ಇರಲಿ, ಬಟ್ಟೆ ಅಲ್ಲಿಯವರೆಗೆ ಕಾಯುವುದಿಲ್ಲ.

ಅದಕ್ಕೇ ಈಗ ಇಷ್ಟು ಮಾಡಿ. ಮನೆಯಲ್ಲಿ ಮತ್ತೊಬ್ಬರು ಇದ್ದಾಗ ತೆಗೆಯಿರಿ, ಒಬ್ಬರೇ ಇದ್ದಾಗ ಬೇಡ. ನೆಲಕ್ಕೆ ಚಾಪೆ ಹಾಕಿ ಪೂರ್ತಿ ಬಿಡಿಸಿ. ಮೊದಲು ಸೂಜಿ ಹುಡುಕಿ. ನಾಳೆ ಮತ್ತೆ ಹಿಡಿಯೋಣ ಅಂತ ಸೂಜಿಯನ್ನು ಬಟ್ಟೆಗೇ ಚುಚ್ಚಿ ಬಿಡುವುದು ನಮ್ಮ ಎಲ್ಲರ ಅಭ್ಯಾಸ. ಒಂದು ಮಳೆಗಾಲ ಕಳೆದರೆ ಅದು ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬೀಳುತ್ತದೆ. ಅಕ್ಕನ ಸೂಜಿಯೂ ಹಾಗೇ ಇತ್ತು, ಕಣ್ಣಿನಲ್ಲಿ ಇನ್ನೂ ಗೇಣುದ್ದ ಬಿಳಿ ದಾರ ಇತ್ತು. ಸೂಜಿ ಎಳೆದರೆ ಬರಲಿಲ್ಲ, ತುಕ್ಕು ಎಳೆಗಳನ್ನು ಕಚ್ಚಿ ಹಿಡಿದಿತ್ತು. ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು, ತಿರುಗಿಸುತ್ತಾ ತೆಗೆದೆ. ಎಣ್ಣೆ ಕಲೆ ಸೋಪಿಗೆ ಹೋಯಿತು. ತುಕ್ಕಿನ ಕಲೆಗೆ ನಿಂಬೆಹುಳಿ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟರೆ ಹತ್ತಿ ಬಟ್ಟೆಯಲ್ಲಿ ತಿಳಿಯಾಗುತ್ತದೆ. ಆದರೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ, ಕೆಲವು ಬಣ್ಣಗಳು ನಿಂಬೆಗೆ ಮಾಸುತ್ತವೆ.

ಸೂಜಿ ತೆಗೆದ ಮೇಲೆ ಆ ದಾರದ ತುದಿಯನ್ನು ಕತ್ತರಿಸಬೇಡಿ. ಬೇರೆ ಸೂಜಿಗೆ ಪೋಣಿಸಿ ಹಿಂಬದಿಗೆ ತಂದು ಗಂಟು ಹಾಕಿ. ಇಲ್ಲದಿದ್ದರೆ ಕೊನೆಯ ಟಾಕಿಗಳು, ಅಂದರೆ ಸೂಜಿ ಹಾಕಿದ ಹೊಲಿಗೆಗಳು, ಒಂದೊಂದೇ ಬಿಚ್ಚುತ್ತಾ ಬರುತ್ತವೆ. ಆಮೇಲೆ ನಡುವಿನ ಸಡಿಲು ಭಾಗವನ್ನು ಅಂಗೈಯಿಂದ ನೇವರಿಸಿ ಸಮ ಮಾಡಿ, ಗೇಣು ಗೇಣಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಎದ್ದು ಕಾಣುವ ಬಣ್ಣದ ದಾರ ಇರಲಿ, ಮುಂದೆ ತೆಗೆಯೋದು ಸುಲಭ. ಒಂದು ಬೆಳಗಿನ ಬಿಸಿಲು ಕಾಯಿಸಿ, ಮಡಚುವ ಬದಲು ಸುರುಳಿ ಸುತ್ತಿ, ಹಳೆ ಬಿಳಿ ಬಟ್ಟೆಯಲ್ಲಿ ಕಟ್ಟಿಡಿ. ಜೊತೆಗೆ ಒಣಗಿದ ಬೇವಿನೆಲೆ ಸಾಕು. ನುಸಿಗುಳಿಗೆ ಹಾಕಲೇಬೇಡಿ. ಅವ್ವನ ಸೀರೆಯ ವಾಸನೆ ಏನಾದರೂ ಉಳಿದಿದ್ದರೆ ಅದು ನುಂಗಿಬಿಡುತ್ತದೆ. ವಾಸನೆ ಬೇಕು ಅಂತಿದ್ದರೆ ಒಗೆಯದ ಕುಪ್ಪಸವೊಂದನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಬೇರೆಯಾಗಿ ಇಡಿ. ಪೂರ್ತಿ ಒಣಗಿರಬೇಕು ಅಷ್ಟೇ, ಇಲ್ಲವಾದರೆ ಬೂಸ್ಟು ಬರುತ್ತದೆ.

ಇಷ್ಟಾದರೆ ಅವ್ವನ ಕೌದಿ ಎಷ್ಟು ವರ್ಷ ಬೇಕಾದರೂ ಕಾಯಬಹುದು. ಆತುರ ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಕೂಸಿನ ಕೌದಿ. ಯಾಕೆ ಇದೇ ಮೊದಲು ಅಂದರೆ, ಅದರಲ್ಲಿ ನಿಮ್ಮ ಟಾಕಿಗಳು ಮಾತ್ರ ಇವೆ. ಹೆಚ್ಚುಕಡಿಮೆ ಆದರೂ ಯಾರದ್ದೂ ಏನೂ ಹಾಳಾಗುವುದಿಲ್ಲ. ಸಣ್ಣದು, ತೊಡೆಯ ಮೇಲೆ ಇಟ್ಟುಕೊಂಡರೆ ಆಯಿತು. ಮುಖ್ಯವಾಗಿ ಕೌದಿಗೆ ಎಣಿಕೆ ಬೇಡ. ನನ್ನ ಹತ್ತಿರ ಆಗ ಒಂದು ಕಸೂತಿ ಸೆರಗೂ ಅರ್ಧಕ್ಕೆ ನಿಂತಿತ್ತು. ಅದನ್ನು ಹಿಡಿದರೆ ತಲೆ ಕೆಡುತ್ತಿತ್ತು. ಗವಂತಿ ಹೊಲಿಗೆಯಲ್ಲಿ ಎಳೆ ಎಣಿಸಿಕೊಂಡು ಒಂದು ಬಿಟ್ಟು ಒಂದು ಹೋಗಬೇಕು, ವಾಪಸ್ ಬರುತ್ತಾ ಬಿಟ್ಟಿದ್ದನ್ನು ತುಂಬಬೇಕು, ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟೂ ಹಾಕುವಂತಿಲ್ಲ. ಮನಸ್ಸು ಎಲ್ಲೋ ಇದ್ದಾಗ ಎಣಿಕೆ ತಪ್ಪೇ ತಪ್ಪುತ್ತದೆ. ಕೌದಿಯಲ್ಲಿ ಮನಸ್ಸು ಎಲ್ಲಿಗೆ ಹೋದರೂ ಕೈ ಸಾಲು ಹಿಡಿದು ನಡೆಯುತ್ತದೆ. ಕಣ್ಣು ತುಂಬಿದರೂ ಬೆರಳಿಗೆ ಸಾಲು ಸಿಗುತ್ತದೆ. ನೀವು ಕಸೂತಿಯವರೂ ಆಗಿದ್ದರೆ ಅದನ್ನು ಸದ್ಯ ಪಕ್ಕಕ್ಕಿಡಿ.

ದಿನಾ ಇಷ್ಟು ಅಂತ ಹಟ ಬೇಡ. ಒಂದು ಸೂಜಿ ದಾರ ಮುಗಿದರೆ ಎದ್ದುಬಿಡಿ. ಟಿವಿ ಹಚ್ಚಿಕೊಂಡು ಹೊಲಿದರೂ ನಡೆಯುತ್ತದೆ. ಸುಮ್ನೆ ಕೂತು ಹೊಲಿದರೆ ಮನಸ್ಸು ಹಗುರಾಗುತ್ತದೆ ಅಂತ ಹೇಳುವವರು ಜಾಸ್ತಿ. ನನಗೆ ಕೆಲವು ದಿನ ಹಗುರಾಗುತ್ತಿರಲಿಲ್ಲ, ಎದುರಿನ ಜಾಗ ಖಾಲಿ ಇದ್ದದ್ದೇ ಕಾಣುತ್ತಿತ್ತು. ಕೊನೆಗೆ ನಾನು ಕೂರುವ ಜಾಗವನ್ನೇ ಬದಲಿಸಿದೆ, ಪಡಸಾಲೆ ಬಿಟ್ಟು ಹಿತ್ತಲ ಬಾಗಿಲಿಗೆ ಬಂದೆ. ಅದು ಕೆಲಸ ಮಾಡಿತು. ಊಟ, ನಿದ್ದೆ ಎರಡೂ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ ಮಾತ್ರ ಕೌದಿಯ ಮೇಲೆ ಭಾರ ಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಗದಗದಿಂದ ದೂರವೇನಲ್ಲ. ಅಲ್ಲಿಗೆ ಹೋದರೆ ಜನ ಏನಂದಾರು ಅನ್ನುವ ಕಾಲ ಈಗ ಇಲ್ಲ.

ಅವ್ವನ ಸೀರೆಗೆ ಕತ್ತರಿ ಹಾಕಲು ಧೈರ್ಯ ಬರುತ್ತಿಲ್ಲ ಅಂದಿದ್ದೀರಿ. ಹಾಕಬೇಡಿ. ಅವರೇ ಕತ್ತರಿಸಿಟ್ಟ ತುಂಡುಗಳು ಗಂಟಿನಲ್ಲಿ ಇದ್ದೇ ಇರುತ್ತವೆ, ಮೊದಲು ಅವು ಖರ್ಚಾಗಲಿ. ಮುಂದೆ ಯಾವಾಗಲಾದರೂ ಸೀರೆಯೇ ಬೇಕಾದರೆ ಹಳೆ ಇಳಕಲ್ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ನಿರಿಗೆ ಬೀಳುವ ಕಡೆ, ಕೆಳಗಿನ ದಡಿಯ ಹತ್ತಿರ ಬಟ್ಟೆ ಮೊದಲು ಸವೆಯುತ್ತದೆ. ಎರಡು ಹೆಬ್ಬೆರಳಿನಿಂದ ಎಳೆದಾಗ ಪಿಸಿದರೆ ಅದು ಒಳಪದರಕ್ಕೆ, ತಡೆದರೆ ಮೇಲಕ್ಕೆ. ಇಳಕಲ್ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹಳೆ ಸೀರೆಯಲ್ಲಿ ಆ ಕೂಡು ದುರ್ಬಲವಾಗಿರಬಹುದು. ಹಾಗಾಗಿ ಅದರ ಗುಂಟ ಬಿಡಿಸಿದರೆ ಸೆರಗು ಇಡಿಯಾಗಿ ಉಳಿಯುತ್ತದೆ. ನಾನಾಗಿದ್ದರೆ ಸೆರಗನ್ನು ಕೌದಿಗೆ ಹಾಕುವುದಿಲ್ಲ, ಹಾಗೇ ಇಟ್ಟುಕೊಳ್ಳುತ್ತೇನೆ. ರೇಷ್ಮೆ ಸೆರಗು ಸೂಜಿಗೆ ಜಾರುತ್ತದೆ, ಕೌದಿಗೆ ಅಷ್ಟು ಒಗ್ಗುವುದೂ ಇಲ್ಲ.

ಒಂದಲ್ಲ ಒಂದು ದಿನ ಅವ್ವನ ಕೌದಿಗೆ ಕೂರುತ್ತೀರಿ, ಆಗ ಕಾಡುವ ಪ್ರಶ್ನೆ ಇದು: ಅವರ ಟಾಕಿಯ ಥರವೇ ಹಾಕಬೇಕಾ? ಅಕ್ಕನ ಟಾಕಿ ಅಕ್ಕಿಕಾಳಿನಷ್ಟು ಸಣ್ಣದು, ನನ್ನದು ಯಾವಾಗಲೂ ಉದ್ದ. ಆದರೆ ಅವಳು ನಿಲ್ಲಿಸಿದ ಕಡೆ ಬಂದಾಗ ಕೊನೆಯ ಒಂದೆರಡು ಸಾಲುಗಳಲ್ಲಿ ಅವಳದೂ ಉದ್ದವಾಗಿದ್ದವು, ಸಾಲು ಸ್ವಲ್ಪ ಮೇಲಕ್ಕೆ ಏರಿತ್ತು. ಆಗ ಅವಳ ಬಲಗೈ ಸಲೈನ್ ಹಾಕಿಸಿಕೊಂಡು ಬಾತಿತ್ತು. ಆ ಸಾಲುಗಳನ್ನು ನೆಟ್ಟಗೆ ಮಾಡು ಅಂದರು ಮನೆಯಲ್ಲಿ ಒಬ್ಬರು. ನಾನು ಮುಟ್ಟಲಿಲ್ಲ. ಅವಳ ಬಿಳಿ ದಾರ ನಿಂತಲ್ಲಿಂದ ನಾನು ಕೆಂಪು ದಾರ ಹಿಡಿದೆ. ನೋಡಿದವರಿಗೆ ಯಾರದು ಎಲ್ಲಿಯವರೆಗೆ ಅಂತ ಗೊತ್ತಾಗಲಿ ಅಂತಲೇ. ಚೆಂದ ಕಾಣಲ್ಲ ಅಂದವರೂ ಇದ್ದಾರೆ, ಇರಲಿ. ನಿಮಗೆ ಒಂದೇ ಥರ ಕಾಣಬೇಕು ಅನ್ನಿಸಿದರೆ ಅವ್ವನ ದಾರದ ತುಂಡು ಒಯ್ದು ಹಗಲು ಬೆಳಕಿನಲ್ಲಿ ಹೋಲಿಸಿ ತನ್ನಿ. ಹುಬ್ಬಳ್ಳಿ ದುರ್ಗದಬೈಲ್ ಕಡೆ ಹೋದಾಗ ಹುಡುಕಬಹುದು. ಹತ್ತಿ ದಾರವೇ ಇರಲಿ. ಹಳೆ ಬಟ್ಟೆಗಿಂತ ದಾರ ಗಟ್ಟಿಯಾದರೆ ಜಗ್ಗಿದಾಗ ಹರಿಯುವುದು ಬಟ್ಟೆ.

ದುಡ್ಡು ಕೊಟ್ಟು ಹೊಲಿಸುವುದರಲ್ಲಿ ಕೀಳೇನಿಲ್ಲ. ಕೌದಿ ಹೊಲಿದುಕೊಟ್ಟು ಬದುಕುವ ಹೆಣ್ಣುಮಕ್ಕಳು ನಮ್ಮ ಕಡೆ ಹಿಂದಿನಿಂದಲೂ ಇದ್ದಾರೆ. ನಿಮಗೆ ಹೊಲಿಗೆಯೇ ಇಷ್ಟವಿಲ್ಲ ಅಂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕೊಡುವುದಾದರೆ ಅವ್ವನ ಸಾಲುಗಳನ್ನು ಬಿಚ್ಚಬೇಡಿ, ಮಷಿನ್ ಹಾಕಬೇಡಿ ಅಂತ ಎರಡು ಮಾತು ಬಿಡಿಸಿ ಹೇಳಿ. ಸಾಧ್ಯವಾದರೆ ಅವರನ್ನೇ ಮನೆಗೆ ಕರೆಸಿ, ಪಕ್ಕದಲ್ಲಿ ಕೂತು ನೀವೂ ಒಂದು ಬದಿ ಹಿಡಿಯಿರಿ.

ಇನ್ನು ಅತ್ತೆಯವರ ಮಾತು. ಜಗಳಕ್ಕೆ ಹೋಗಬೇಡಿ. ತೀರಿಹೋದವರು ಕೊನೆಗೆ ಉಟ್ಟಿದ್ದು, ಹೊದ್ದಿದ್ದು ಮನೆಯಲ್ಲಿ ಇಟ್ಟುಕೊಳ್ಳದ ಪದ್ಧತಿ ಬಹಳ ಮನೆಗಳಲ್ಲಿದೆ, ಅವರು ಅದನ್ನೇ ಹೇಳುತ್ತಿರಬಹುದು. ಹೊಲಿಗೆ ಮುಗಿಯದ ಕೌದಿಯನ್ನು ಯಾರೂ ಹೊದ್ದಿಲ್ಲ. ಅದೂ ಅಲ್ಲದೆ ಕೌದಿ ಅನ್ನೋದೇ ಹಿರಿಯರ ಸೀರೆ, ಧೋತರದಿಂದ ಆಗಿದ್ದು. ಅತ್ತೆಯವರು ದಿನಾ ಹೊದೆಯುವ ಕೌದಿಯಲ್ಲಿ ಯಾರ್ಯಾರ ಸೀರೆ ಇದೆ ಅಂತ ಒಮ್ಮೆ ಸಮಾಧಾನದಿಂದ ಕೇಳಿ ನೋಡಿ. "ಇದು ನಮ್ಮ ಅತ್ತೀದು, ಇದು ನಮ್ಮ ಯಮ್ಮಂದು" ಅಂತ ಬೆರಳಿಟ್ಟು ತೋರಿಸಲು ಶುರು ಮಾಡುತ್ತಾರೆ, ನನಗೆ ಹೆಚ್ಚುಕಡಿಮೆ ಖಾತ್ರಿ. ಆಗಲೂ ಒಪ್ಪದಿದ್ದರೆ ತವರುಮನೆಯಲ್ಲೇ ಇಟ್ಟು ಅಲ್ಲೇ ಹೊಲಿಯಿರಿ.

ಮುಗಿದ ಮೇಲೆ ಬೀರುವಿನಲ್ಲಿ ಇಡಬೇಡಿ, ಹೊದೆಯಿರಿ. ಅಕ್ಕನ ಮೊಮ್ಮಗ ನಮ್ಮದರ ಮೇಲೆ ಹಾಲು ಚೆಲ್ಲಿ, ಉಚ್ಚೆ ಹೊಯ್ದು ಅದರ ಗತಿ ಕಾಣಿಸಿದ್ದಾನೆ. ಮೊದಲ ಸಲ ಒಗೆಯುವಾಗ ಒದ್ದೆ ಬಿಳಿ ಬಟ್ಟೆಯಿಂದ ಕೆಂಪು ದಡಿಯನ್ನು ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಬೇರೆ ಬಟ್ಟೆ ಸೇರಿಸದೆ ತಣ್ಣೀರಿನಲ್ಲಿ ಬೇಗ ಜಾಲಿಸಿ ತೆಗೆಯಿರಿ. ಹಿಂಡಬೇಡಿ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಂತೂ ಕೌದಿ ಒಣಗುವುದೇ ಇಲ್ಲ. ನಿಮ್ಮ ಗದಗದಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಮಾನವಮಿಗೆ (ಮಹಾನವಮಿಗೆ) ಮನೆಯ ಹಾಸಿಗೆ ಎಲ್ಲ ಒಗೆಯುವಾಗಲೇ ಇದನ್ನೂ ಹಾಕಿದರೆ ಸಾಕು.