ಓದುಗರ ಪ್ರಶ್ನೆಗಳು: ಹಡಗು ಹತ್ತುವ ಹಿಂದಿನ ರಾತ್ರಿ ಎಲ್ಲಿ ತಂಗುವುದು?

ಪ್ರಶ್ನೆ: ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಪ್ರವಾಸಿ ಹಡಗಿನಲ್ಲಿ ನನಗೂ ನನ್ನ ಪತ್ನಿಗೂ ಮಕ್ಕಳು ಟಿಕೆಟ್ ಮಾಡಿಸಿಕೊಟ್ಟಿದ್ದಾರೆ. ಹಡಗು ಸಂಜೆ ಹೊರಡುತ್ತದೆ, ಮಧ್ಯಾಹ್ನ ಬಂದರಿನಲ್ಲಿರಬೇಕು. ಅದೇ ದಿನ ಬೆಳಿಗ್ಗೆ ದಾದರ್ ಮುಟ್ಟುವ ರೈಲಿನಲ್ಲಿ ಹೋದರೆ ಸಾಲದೇ, ಒಂದು ರಾತ್ರಿಯ ರೂಮಿನ ಬಾಡಿಗೆ ದಂಡವಲ್ಲವೇ ಎಂಬುದು ನನ್ನ ಅನಿಸಿಕೆ. ತಂಗಲೇಬೇಕೆಂದರೆ ದಾದರ್ ಸುತ್ತಮುತ್ತ ಅಗ್ಗವೆಂದು ನನ್ನ ಭಾವಮೈದುನ ಹೇಳುತ್ತಾನೆ. ತಮ್ಮ ಸಲಹೆ ಏನು?
– ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ಬೇರೆ ಯಾವ ಖರ್ಚನ್ನಾದರೂ ಉಳಿಸಿ, ಈ ಒಂದು ರಾತ್ರಿಯದನ್ನು ಮಾತ್ರ ಉಳಿಸಬೇಡಿ. ದಾವಣಗೆರೆಯಲ್ಲಿ ತಪ್ಪಿಸಿಕೊಂಡ ರೈಲನ್ನು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗಿ ಹರಿಹರದಲ್ಲಿ ಹಿಡಿದವರು ನಮ್ಮೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಹಡಗಿಗೆ ಅಂಥ ಹರಿಹರ ಇಲ್ಲ. ಬಂದರಿನಿಂದ ಹಡಗನ್ನು ಹೊರಗೆ ಒಯ್ಯುವ ಪೈಲಟ್‌ನ ಸಮಯ ಮೊದಲೇ ಗೊತ್ತಾಗಿರುತ್ತದೆ, ಹತ್ತಿದವರೆಲ್ಲರ ಪಟ್ಟಿಯನ್ನು ಹೊರಡುವುದಕ್ಕೆ ಮುಂಚೆಯೇ ಅಧಿಕಾರಿಗಳಿಗೆ ಒಪ್ಪಿಸಬೇಕಾಗಿರುತ್ತದೆ. ಹೀಗಾಗಿ ಟಿಕೆಟಿನಲ್ಲಿ ಹಡಗು ಐದು ಗಂಟೆಗೆ ಹೊರಡುತ್ತದೆ ಎಂದಿದ್ದರೂ ಪ್ರಯಾಣಿಕರ ಕೌಂಟರ್ ಅದಕ್ಕೆ ಸಾಕಷ್ಟು ಮೊದಲೇ ಮುಚ್ಚುತ್ತದೆ. ನಿಮಗೆ ಮುಖ್ಯವಾದುದು ಈ ಮುಚ್ಚುವ ವೇಳೆ, ಹೊರಡುವ ವೇಳೆಯಲ್ಲ. ಅದನ್ನು ಟಿಕೆಟಿನಿಂದ ಹುಡುಕಿ ತೆಗೆದು, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡಿ.

ದಾವಣಗೆರೆಯಿಂದ ಚಾಲುಕ್ಯ ಎಕ್ಸ್‌ಪ್ರೆಸ್ಸೋ ಶರಾವತಿ ಎಕ್ಸ್‌ಪ್ರೆಸ್ಸೋ ಹತ್ತಿದರೆ ಹುಬ್ಬಳ್ಳಿ, ಬೆಳಗಾವಿ, ಮೀರಜ್, ಪುಣೆಯ ಮೇಲೆ ದಾದರ್ ಸೇರುತ್ತೀರಿ. ದಾರಿ ದೂರ, ಪುಣೆಯಿಂದಾಚೆ ಘಟ್ಟ ಇಳಿಯಬೇಕು, ಮುಂಬೈ ಹತ್ತಿರ ಬಂದಂತೆ ಲೋಕಲ್ ರೈಲುಗಳ ಸಂದಣಿಯಲ್ಲಿ ದೂರದ ಗಾಡಿಗಳು ನಿಂತು ನಿಂತು ಸಾಗುವುದುಂಟು. ಎರಡು ಮೂರು ಗಂಟೆ ತಡವಾಗುವುದು ಈ ದಾರಿಯಲ್ಲಿ ವಿಶೇಷವೇನಲ್ಲ. ಸಾಮಾನ್ಯ ದಿನ ಆ ತಡದಿಂದ ಒಂದು ಕಾಫಿ ಹೆಚ್ಚು ಕುಡಿದಂತಾಗುತ್ತದೆ ಅಷ್ಟೆ, ಹಡಗಿನ ದಿನ ಮಾತ್ರ ಇಡೀ ಟಿಕೆಟ್ಟೇ ಹೋಗುತ್ತದೆ. ಆದ್ದರಿಂದ ಒಂದು ದಿನ ಮೊದಲು ಅದೇ ರೈಲಿನಲ್ಲಿ ಹೊರಟು, ಹಡಗಿನ ಹಿಂದಿನ ದಿನ ಬೆಳಿಗ್ಗೆ ಮುಂಬೈ ಸೇರಿಕೊಳ್ಳಿ.

ವಿಮಾನದಲ್ಲಿ ಹೋಗುವ ಯೋಚನೆಯಿದ್ದರೆ, ಸುಮಾರು 150 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಹತ್ತಬಹುದು. ಟಿಕೆಟಿನಲ್ಲಿ ಯಾವ ವಿಮಾನ ನಿಲ್ದಾಣ ಎಂದಿದೆ ಎಂಬುದನ್ನು ಎರಡು ಸಲ ನೋಡಿ. 2025ರ ಡಿಸೆಂಬರ್‌ನಿಂದ ನವಿ ಮುಂಬೈಯ ಹೊಸ ನಿಲ್ದಾಣಕ್ಕೂ ವಿಮಾನಗಳು ಬರುತ್ತಿವೆ. ಅದು ಕೊಲ್ಲಿಯ ಆಚೆ ದಡದಲ್ಲಿದೆ. ಹಳೆಯ ನಿಲ್ದಾಣದಲ್ಲಿ ಇಳಿದವರಿಗೆ ಈಗ ಒಂದು ಅನುಕೂಲವಾಗಿದೆ: 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೂರನೆಯ ಮೆಟ್ರೋ ಮಾರ್ಗವು ಅದರ ಎರಡೂ ಟರ್ಮಿನಲ್‌ಗಳಿಂದ ನೇರ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಅಂದರೆ ಎಲ್ಲರೂ ಸಿಎಸ್‌ಎಂಟಿ ಎನ್ನುವ ನಿಲ್ದಾಣಕ್ಕೆ, ಭೂಗರ್ಭದಲ್ಲೇ ಕರೆದೊಯ್ಯುತ್ತದೆ. ಮೇಲಿನ ಟ್ರಾಫಿಕ್ಕಿನ ಗೊಡವೆಯೇ ಇಲ್ಲ.

ಇನ್ನು ತಂಗುವ ಜಾಗ. ದೊಡ್ಡ ಪ್ರವಾಸಿ ಹಡಗುಗಳು ನಿಲ್ಲುವುದು ಬ್ಯಾಲಾರ್ಡ್ ಪಿಯರ್‌ನಲ್ಲಿ. ಅದು ಸಿಎಸ್‌ಎಂಟಿಯಿಂದ ಸುಮಾರು ಒಂದೂವರೆ ಕಿಲೋಮೀಟರ್. ಹೀಗಾಗಿ ಸಿಎಸ್‌ಎಂಟಿ ಸುತ್ತಮುತ್ತ, ಫೋರ್ಟ್, ಬ್ಯಾಲಾರ್ಡ್ ಎಸ್ಟೇಟ್, ಕೊಲಾಬಾ – ಈ ನಾಲ್ಕರಲ್ಲಿ ಎಲ್ಲಿ ಉಳಿದುಕೊಂಡರೂ ಮರುದಿನ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ನಿಮ್ಮ ಭಾವಮೈದುನ ಹೇಳಿದ್ದು ಸುಳ್ಳಲ್ಲ, ದಾದರ್ ಕಡೆ ಬಾಡಿಗೆ ಕಡಿಮೆ. ಆದರೆ ಬೆಳಗಿನ ಹೊತ್ತು ದಾದರ್‌ನಿಂದ ದಕ್ಷಿಣಕ್ಕೆ ಹೋಗುವ ಲೋಕಲ್ ಗಾಡಿಗಳಲ್ಲಿ ಕೈ ಆಡಿಸಲೂ ಜಾಗವಿರುವುದಿಲ್ಲ, ಎರಡು ಸೂಟ್‌ಕೇಸ್ ಹಿಡಿದ ಅರವತ್ತು ದಾಟಿದ ದಂಪತಿಗೆ ಅದು ಆಗದ ಕೆಲಸ. ಟ್ಯಾಕ್ಸಿ ಹಿಡಿದರೆ ಉಳಿಸಿದ ಬಾಡಿಗೆಯಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಗೊತ್ತಿರುವುದಿಲ್ಲ: ದಕ್ಷಿಣ ಮುಂಬೈಯಲ್ಲಿ ಆಟೋರಿಕ್ಷಾ ಓಡುವುದಿಲ್ಲ. ನಮ್ಮಲ್ಲಿ ಮನೆಯಿಂದ ಹೊರಬಂದು ಆಟೋಗೆ ಕೈ ತೋರಿಸಿದ ಹಾಗೆ ಅಲ್ಲಿ ತೋರಿಸಿದರೆ ನಿಲ್ಲುವುದು ಕಪ್ಪು–ಹಳದಿ ಟ್ಯಾಕ್ಸಿ. ಮೀಟರ್ ಹಾಕಿಸಿಯೇ ಕುಳಿತುಕೊಳ್ಳಿ.

ಊಟದ ವಿಷಯದಲ್ಲಿ ಮಾತ್ರ ನಾನು ದಾದರ್ ಪರ. ಬೆಳಿಗ್ಗೆ ರೈಲಿಳಿದವರು ಪಕ್ಕದ ಮಾಟುಂಗಾಕ್ಕೆ ಹೋದರೆ ಹಳೆಯ ಉಡುಪಿ ಹೋಟೆಲುಗಳು ಸಾಲಾಗಿ ಸಿಗುತ್ತವೆ. ಕನ್ನಡಿಗರು 1926ರಲ್ಲಿ ಕಟ್ಟಿದ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲಿಯೇ. ಬೆಣ್ಣೆ ದೋಸೆ ತಿಂದು ಬೆಳೆದ ನಮಗೆ ಬೇರೆ ಊರಿನ ದೋಸೆಯ ಬಗ್ಗೆ ಒಂದು ತಕರಾರು ಇದ್ದೇ ಇರುತ್ತದೆ, ಆದರೆ ಅಲ್ಲಿನ ಕಾಫಿಗೆ ತಕರಾರು ತೆಗೆಯುವುದು ಕಷ್ಟ. ತಿಂಡಿ ಮುಗಿಸಿ ಆಫೀಸಿನ ಜನಸಂದಣಿ ಇಳಿದ ಮೇಲೆ, ಅಂದರೆ ಹನ್ನೊಂದರ ನಂತರ, ಫೋರ್ಟ್ ಕಡೆಗೆ ಹೊರಟರೆ ರೂಮು ಕೊಡುವ ಹೊತ್ತಿಗೆ ಸರಿಯಾಗಿ ಮುಟ್ಟುತ್ತೀರಿ.

ರೂಮು ಗೊತ್ತುಮಾಡುವಾಗ ಫೋನಿನಲ್ಲಿ ಕೇಳಲೇಬೇಕಾದ ಮಾತುಗಳಿವೆ. ರೂಮು ಎಷ್ಟು ಗಂಟೆಗೆ ಕೊಡುತ್ತಾರೆ, ಎಷ್ಟು ಗಂಟೆಗೆ ಖಾಲಿ ಮಾಡಬೇಕು? ಹಲವೆಡೆ ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಕೊಟ್ಟು, ಮರುದಿನ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಬಿಡಿಸುತ್ತಾರೆ. ನಿಮಗೆ ಹಡಗಿನವರು ಕೊಟ್ಟ ವೇಳೆ ಮಧ್ಯಾಹ್ನ ಎರಡು ಎಂದಾದರೆ ನಡುವೆ ಮೂರು ಗಂಟೆ ಎಲ್ಲಿ ಕೂರುವುದು ಎಂಬ ಪ್ರಶ್ನೆ ಬರುತ್ತದೆ. ಸಾಮಾನನ್ನು ಕೌಂಟರಿನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಕೇಳಿಕೊಂಡರೆ ಆ ಸಮಸ್ಯೆ ಇರುವುದಿಲ್ಲ. ಲಿಫ್ಟ್ ಇದೆಯೇ ಎಂದೂ ಕೇಳಿ. ಫೋರ್ಟ್‌ನ ಎಷ್ಟೋ ಲಾಡ್ಜುಗಳು ಹಳೆಯ ಕಟ್ಟಡಗಳ ಎರಡನೆಯ, ಮೂರನೆಯ ಮಹಡಿಯಲ್ಲಿವೆ. ಅಲ್ಲಿನ ಮರದ ಮೆಟ್ಟಿಲುಗಳು ಎಷ್ಟು ಕಡಿದಾಗಿವೆಯೆಂದರೆ, ಮುಂದೆ ಹತ್ತುವವರ ಹಿಮ್ಮಡಿ ನಮ್ಮ ಮೂಗಿನ ನೇರಕ್ಕೆ ಬರುತ್ತದೆ. ಇಬ್ಬರ ಆಧಾರ್ ಕಾರ್ಡೂ ಮೂಲ ಪ್ರತಿಯೇ ಇರಲಿ. ಅದರಲ್ಲಿರುವ ಹೆಸರು ಹಡಗಿನ ಟಿಕೆಟ್ಟಿನ ಹೆಸರಿಗೆ ಹೊಂದುತ್ತದೆಯೇ ಎಂದು ಇಂದೇ ನೋಡಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರು–ತಂದೆ ಸಮೇತ ಪೂರ್ತಿ ಹೆಸರು ಇರುವುದು ನಮ್ಮ ಪೀಳಿಗೆಯವರಲ್ಲಿ ಸರ್ವೇಸಾಮಾನ್ಯ, ತಿದ್ದಿಸಲು ಈಗಿನ್ನೂ ಸಮಯವಿದೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಅದನ್ನು ಹಡಗಿನ ಕಂಪನಿಯವರೇ ಮಾಡಿಸುತ್ತಾರೋ, ಅದಕ್ಕೆ ನೀವು ಯಾವ ಕಾಗದ ಕಳಿಸಬೇಕೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಟ್ಯಾಕ್ಸಿಯವರಿಗೆ ಬರೀ ‘ಕ್ರೂಸ್’ ಅಥವಾ ‘ಬೋಟ್’ ಎಂದು ಹೇಳಬೇಡಿ. ಮುಂಬೈಯಲ್ಲಿ ನೀರಿಗಿಳಿಯುವ ಜಾಗಗಳು ಮೂರು ನಾಲ್ಕಿವೆ. ಎಲಿಫೆಂಟಾಕ್ಕೆ ದೋಣಿಗಳು ಗೇಟ್‌ವೇ ಆಫ್ ಇಂಡಿಯಾದಿಂದ ಹೊರಡುತ್ತವೆ, ಮಾಂಡವಾಕ್ಕೆ ವಾಹನ ಸಮೇತ ಹೋಗುವ ಹಡಗು ಮಜಗಾಂವ್‌ನ ಭಾವುಚಾ ಧಕ್ಕಾದಿಂದ. ನೀವು ಹೇಳಬೇಕಾದುದು ‘ಬ್ಯಾಲಾರ್ಡ್ ಪಿಯರ್, ಗ್ರೀನ್ ಗೇಟ್’ ಎಂದು. ಟಿಕೆಟಿನಲ್ಲಿ ಬೇರೆ ಗೇಟಿನ ಹೆಸರಿದ್ದರೆ ಅದನ್ನೇ ಹೇಳಿ, ಆ ಸಾಲನ್ನು ಬೆರಳಿಟ್ಟು ತೋರಿಸಿದರೆ ಇನ್ನೂ ಒಳ್ಳೆಯದು.

ಆ ದಿನದ ಸಂಜೆಯನ್ನು ರೂಮಿನಲ್ಲಿ ಕಳೆಯಬೇಡಿ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆ ಕಟ್ಟಿಸಿ 1924ರಲ್ಲಿ ಮುಗಿದ ಗೇಟ್‌ವೇಯನ್ನೂ, 1888ರಲ್ಲಿ ಪೂರ್ಣಗೊಂಡು 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಸಿಎಸ್‌ಎಂಟಿ ಕಟ್ಟಡವನ್ನೂ ದೀಪ ಹೊತ್ತಿದ ಮೇಲೆ ಒಂದೇ ನಡಿಗೆಯಲ್ಲಿ ನೋಡಬಹುದು. ಗೇಟ್‌ವೇ ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಎಂಬಾತನೇ ನಿಮ್ಮ ಹಡಗುಕಟ್ಟೆಯ ಎದುರಿನ ಬ್ಯಾಲಾರ್ಡ್ ಎಸ್ಟೇಟಿನ ರೂಪುರೇಷೆಗೂ ಕೈಹಾಕಿದವನು. ಕಚೇರಿಗಳು ಮುಚ್ಚಿದ ಮೇಲೆ ಆ ಬೀದಿಗಳಲ್ಲಿ ಮುಂಬೈಯೇ ಅಲ್ಲವೇನೋ ಎಂಬಷ್ಟು ಮೌನವಿರುತ್ತದೆ. ಎಲಿಫೆಂಟಾಕ್ಕೆ ಮಾತ್ರ ಮರುದಿನ ಬೆಳಿಗ್ಗೆ ಹೋಗುವ ಆಸೆ ಬೇಡ. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಮೆಟ್ಟಿಲು. ಹಡಗಿನ ದಿನ ಅಂಥ ಸಾಹಸಕ್ಕೆ ಕೈಹಾಕಬಾರದು.

ಪ್ರಶ್ನೆ: ನಾವು ಎರಡು ಕುಟುಂಬದವರು ಚಿತ್ರದುರ್ಗದಿಂದ ಕಾರಿನಲ್ಲೇ ಮುಂಬೈಗೆ ಹೋಗಿ, ಒಂದು ರಾತ್ರಿ ಉಳಿದು ಗೋವಾದ ಹಡಗು ಹತ್ತುವವರಿದ್ದೇವೆ. ಸಾಮಾನುಗಳನ್ನು ಹೇಗೆ ಕಟ್ಟಿಕೊಳ್ಳಬೇಕು? ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದೆ. ಮಂಡಕ್ಕಿ, ಚಟ್ನಿಪುಡಿ, ರೊಟ್ಟಿ ಒಯ್ಯಬಹುದೇ?
– ಗೃಹಿಣಿ, ಚಿತ್ರದುರ್ಗ

ಉತ್ತರ: ನಿಮ್ಮ ಪ್ರಶ್ನೆಗೆ ನನ್ನ ತಪ್ಪಿನಿಂದಲೇ ಉತ್ತರ ಕೊಡಬಲ್ಲೆ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯನ್ನು ಕರೆದುಕೊಂಡು ಇಂಥದೇ ಒಂದು ಹಡಗಿಗೆ ಹೋಗಿದ್ದೆ. ಲಾಡ್ಜಿನಲ್ಲಿ ಬೆಳಿಗ್ಗೆ ಗಡಿಬಿಡಿಯಲ್ಲಿ ಚೀಲ ಕಟ್ಟುವಾಗ, ಅಮ್ಮನ ಮಾತ್ರೆಗಳ ಸಣ್ಣ ಸ್ಟೀಲಿನ ಡಬ್ಬಿಯನ್ನು ಸೀರೆಗಳ ಮಡಿಕೆಯ ನಡುವೆ ಭದ್ರವಾಗಿ ಸೇರಿಸಿ ದೊಡ್ಡ ಸೂಟ್‌ಕೇಸಿಗೆ ಬೀಗ ಹಾಕಿದೆ. ಬಂದರಿನ ಬಾಗಿಲಲ್ಲಿ ಸೂಟ್‌ಕೇಸಿಗೆ ಚೀಟಿ ಕಟ್ಟಿ ತೆಗೆದುಕೊಂಡರು. ಅದು ತಪಾಸಣೆಯೆಲ್ಲ ಮುಗಿಸಿಕೊಂಡು ನಮ್ಮ ಕ್ಯಾಬಿನ್ನಿನ ಬಾಗಿಲಿಗೆ ಬಂದಾಗ ಸಂಜೆ ಆರೂವರೆ. ಅಷ್ಟರಲ್ಲಿ ಅಮ್ಮ ಮಧ್ಯಾಹ್ನದ ಊಟಕ್ಕೆ ಮುಂಚೆ ನುಂಗಬೇಕಾದ ಮಾತ್ರೆಯಿಲ್ಲದೆ, ಊಟವನ್ನೂ ಮಾಡದೆ, ಒಂದು ಮಾತೂ ಆಡದೆ ಕಾರಿಡಾರಿನ ಕಡೆಗೆ ನೋಡುತ್ತಾ ಕುಳಿತಿದ್ದರು. ತಪ್ಪು ಹಡಗಿನವರದಲ್ಲ, ಸಾವಿರಾರು ಪೆಟ್ಟಿಗೆಗಳಿಗೆ ಅಷ್ಟು ಹೊತ್ತು ಬೇಕೇ ಬೇಕು.

ಆದ್ದರಿಂದ ಸಾಮಾನನ್ನು ಊರಿನಲ್ಲೇ ಮೂರು ಭಾಗ ಮಾಡಿ. ಹೆಗಲಚೀಲದಲ್ಲಿ ಅತ್ತೆಯವರ ಎಲ್ಲ ಔಷಧಗಳು, ಡಾಕ್ಟರ ಚೀಟಿ, ಆಧಾರ್, ಟಿಕೆಟ್, ಫೋನಿನ ಚಾರ್ಜರ್, ಎಲ್ಲರದೂ ಒಂದೊಂದು ಜೊತೆ ಬಟ್ಟೆ ಇರಲಿ; ಈ ಚೀಲ ಯಾರ ಕೈಗೂ ಹೋಗಬಾರದು. ಇನ್ಸುಲಿನ್ ಇದ್ದರೆ ಲಾಡ್ಜಿನ ರೂಮಿನಲ್ಲಿ ಫ್ರಿಜ್ ಉಂಟೇ ಎಂದು ರೂಮು ಗೊತ್ತುಮಾಡುವಾಗಲೇ ಕೇಳಿ. ಮುಂಬೈಯ ಒಂದು ರಾತ್ರಿಗೆ ಬೇಕಾದ್ದನ್ನೆಲ್ಲ ಬೇರೆ ಒಂದು ಸಣ್ಣ ಚೀಲದಲ್ಲಿ ಹಾಕಿದರೆ ದೊಡ್ಡ ಪೆಟ್ಟಿಗೆಗಳನ್ನು ಲಾಡ್ಜಿನಲ್ಲಿ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಊದುಬತ್ತಿ, ಬೆಂಕಿಪೊಟ್ಟಣ, ಚಾಕು ಇವನ್ನು ಮನೆಯಲ್ಲೇ ಬಿಡಿ. ಸಮುದ್ರದ ನಡುವೆ ಬೆಂಕಿಯ ಭಯ ದೊಡ್ಡದಾದ್ದರಿಂದ ಹಡಗುಗಳಲ್ಲಿ ಇವನ್ನು ತೆಗೆದಿರಿಸಿಬಿಡುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಹಾಗೆಂದು ಮಂಡಕ್ಕಿಯ ಆಸೆ ಬಿಡಬೇಕಾಗಿಲ್ಲ: ರೊಟ್ಟಿ, ಚಟ್ನಿಪುಡಿ, ಖಾರ ಮಂಡಕ್ಕಿ ಎಲ್ಲವನ್ನೂ ದಾರಿಗೂ ಆ ಒಂದು ರಾತ್ರಿಗೂ ಸಾಕಾಗುವಷ್ಟು ಕಟ್ಟಿಕೊಂಡು, ಲಾಡ್ಜಿನಲ್ಲಿ ಪತ್ರಿಕೆ ಹಾಸಿ ಎಲ್ಲರೂ ಸುತ್ತ ಕುಳಿತು ಖಾಲಿ ಮಾಡಿ ಹೊರಡಿ.

ಕಾರಿನ ಬಗ್ಗೆ: ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯಿಂದ ಇಳಿದವರು 2024ರ ಜನವರಿಯಲ್ಲಿ ತೆರೆದ, 21.8 ಕಿಲೋಮೀಟರ್ ಉದ್ದದ ಅಟಲ್ ಸೇತುವಿನ ಮೇಲೆ ಶಿವಡಿಗೆ ಬಂದು, ಅಲ್ಲಿಂದ ಈಸ್ಟರ್ನ್ ಫ್ರೀವೇ ಹಿಡಿದರೆ ಊರೊಳಗಿನ ಸಿಗ್ನಲ್‌ಗಳ ಕಾಟವಿಲ್ಲದೆ ಬಂದರಿನ ಬದಿಗೇ ತಲುಪುತ್ತೀರಿ. ಸೇತುವೆಯ ಟೋಲ್ ಹೆಚ್ಚೆನಿಸುತ್ತದೆ, ಆದರೂ ನಾನು ಕೊಡುತ್ತೇನೆ. ಹಡಗಿನಲ್ಲಿರುವ ದಿನಗಳಲ್ಲಿ ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಫೋರ್ಟ್‌ನ ಲಾಡ್ಜುಗಳಿಗೆ ಸ್ವಂತ ಪಾರ್ಕಿಂಗ್ ಇರುವುದು ಅಪರೂಪ. ಪುಣೆಯಲ್ಲಿ ನೆಂಟರಿದ್ದರೆ ಕಾರನ್ನು ಅವರ ಮನೆ ಮುಂದೆ ಬಿಟ್ಟು ಉಳಿದ ದಾರಿ ರೈಲಿನಲ್ಲಿ ಹೋಗುವುದು ನನ್ನ ಆಯ್ಕೆ.

ಪ್ರಶ್ನೆ: ನಮ್ಮದು ಸಿಂಗಾಪುರದಿಂದ ಹೊರಟು ಸಿಂಗಾಪುರಕ್ಕೇ ಮರಳುವ ಹಡಗು. ಅಲ್ಲಿ ಒಂದು ರಾತ್ರಿ ಉಳಿಯುವ ಬಗ್ಗೆ ತಿಳಿಸಿ.
– ವ್ಯಾಪಾರಿ, ಹಿರಿಯೂರು

ಉತ್ತರ: ಮೊದಲು ಟರ್ಮಿನಲ್ಲಿನ ಹೆಸರು ನೋಡಿ, ಆಮೇಲೆ ಹೋಟೆಲ್ ಹುಡುಕಿ. ಅಲ್ಲಿ ಹಡಗುಕಟ್ಟೆಗಳು ಎರಡು: ಒಂದು ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಾಪುರ ಕ್ರೂಸ್ ಸೆಂಟರ್, ಇನ್ನೊಂದು 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್. ಹೆಸರುಗಳು ಹತ್ತಿರ ಹತ್ತಿರ ಕೇಳಿಸುವುದರಿಂದ ಅದಲುಬದಲು ಮಾಡಿಕೊಳ್ಳುವವರು ಹೆಚ್ಚು. ಎರಡಕ್ಕೂ ಮೆಟ್ರೋ ಇದೆ. ಮೊದಲನೆಯದಕ್ಕೆ ಹಾರ್ಬರ್‌ಫ್ರಂಟ್, ಎರಡನೆಯದಕ್ಕೆ ಮರೀನಾ ಸೌತ್ ಪಿಯರ್ ನಿಲ್ದಾಣ. ಸಸ್ಯಾಹಾರ ಮುಖ್ಯವೆಂದಾದರೆ ಲಿಟಲ್ ಇಂಡಿಯಾದಲ್ಲಿ ಉಳಿಯುವುದೇ ಸುಖ, ಅಲ್ಲಿಂದ ಹಾರ್ಬರ್‌ಫ್ರಂಟ್‌ಗೆ ಗಾಡಿ ಬದಲಿಸದೆ ಒಂದೇ ಮೆಟ್ರೋ ಮಾರ್ಗದಲ್ಲಿ ಹೋಗಬಹುದು.

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಹಡಗು ಬೇರೆ ದೇಶದ ಬಂದರು ಮುಟ್ಟಿ ಮರಳುವುದಾದರೆ ನೀವು ಸಿಂಗಾಪುರವನ್ನು ಎರಡು ಸಲ ಪ್ರವೇಶಿಸಿದಂತಾಗುತ್ತದೆ. ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿದೆಯೇ ಎಂದು ಏಜೆಂಟರನ್ನು ಕೇಳಿ. ಪ್ರವೇಶದ ವಿವರಗಳ ಅರ್ಜಿಯನ್ನು ಸಿಂಗಾಪುರ ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ (ತಲುಪುವ ದಿನವೂ ಸೇರಿ) ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವವರನ್ನು ನಂಬಬೇಡಿ.

ಚೀಲದಲ್ಲಿ ಗುಟ್ಕಾ, ಜಗಿಯುವ ತಂಬಾಕು, ಚ್ಯೂಯಿಂಗ್ ಗಮ್ ಇರಕೂಡದು. ಮನೆಯವರು ಕಟ್ಟಿಕೊಡುವ ಮಸಾಲೆಯನ್ನೂ ಸಿಹಿಯನ್ನೂ ಒಮ್ಮೆ ವಿಚಾರಿಸಿ ತೆಗೆದುಕೊಳ್ಳಿ: ನಮ್ಮ ಅಡುಗೆಮನೆಯ ಗಸಗಸೆ ಅಲ್ಲಿ ನಿಷೇಧಿತ ವಸ್ತು.