ಕೈಗೆ ಇನ್ನೊಂದು ಪಾಸ್‌ಪೋರ್ಟ್

ತಂಗಿ,

ನೀನು ಬರೆದದ್ದು ಓದಿದೆ. ಬೆಂಗಳೂರಿನಲ್ಲಿ ನರ್ಸ್ ಆಗಿ ಐದು ವರ್ಷ ಕೀಮೋ ಕೊಟ್ಟವಳು ನೀನು. ಇಂಗ್ಲೆಂಡಿಗೆ ಬಂದು ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾದೆ, ಇಲ್ಲಿಯ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಯ ಪಿನ್, ಅಂದರೆ ನೋಂದಣಿ ಸಂಖ್ಯೆ, ಬಂತು, ಕ್ಯಾನ್ಸರ್ ವಿಭಾಗಕ್ಕೇ ಹಾಕಿದರು. ಆದರೂ ಔಷಧಿ ಮುಟ್ಟಲು ಬಿಡದೆ ಪಕ್ಕದಲ್ಲಿ ನಿಂತು ನೋಡು ಅನ್ನುತ್ತಾರೆ. "ಅಕ್ಕಾ, ನಮ್ಮ ಅನುಭವಕ್ಕೆ ಇಲ್ಲಿ ಬೆಲೆಯೇ ಇಲ್ವಾ?" ಅಂತ ಕೇಳಿದ್ದೀಯ.

17 ವರ್ಷದ ಹಿಂದೆ ನನಗೂ ಹೀಗೇ ಉರಿದಿತ್ತು. ಆಗ ಆಸ್ಪತ್ರೆಗೊಂದು ತರಬೇತಿ ಇತ್ತು, ಕೆಲಸ ಬದಲಿಸಿದರೆ ಮತ್ತೆ ಅಆಇಈ. ಈಗ ಇಲ್ಲಿಯ ಕ್ಯಾನ್ಸರ್ ನರ್ಸ್‌ಗಳ ಸಂಘ ಯುಕಾನ್ಸ್‌ನವರ ಸ್ಯಾಕ್ಟ್ ಪಾಸ್‌ಪೋರ್ಟ್ ಇದೆ, ಕಲಿತದ್ದಕ್ಕೆಲ್ಲ ಸೈನ್ ಹಾಕಿಸಿಕೊಳ್ಳುವ ದಾಖಲೆ. ಕೀಮೋಗೆ ಇಲ್ಲಿ ಸ್ಯಾಕ್ಟ್ ಅನ್ನುವುದು, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿಯೂ ಅದರಲ್ಲೇ ಸೇರುತ್ತದೆ. ಅದು ತುಂಬಿದರೆ ನಾಳೆ ಬೇರೆ ಊರಿಗೆ ಹೋದರೂ ಕೆಲಸಕ್ಕೆ ಬರುತ್ತದೆ. ಜೋಪಾನ ಮಾಡು.

ಬೇಜಾರಾದರೂ ಒಂದು ಮಾತು ಹೇಳುತ್ತೇನೆ. ನಿನಗೆ ಕೀಮೋ ಕೊಡಲು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಅವರು ನೋಡುತ್ತಿರುವುದು ನಿನಗೆ ನಿಲ್ಲಿಸಲು ಬರುತ್ತದಾ ಅಂತ.

ನನ್ನ ಮೂರನೇ ತಿಂಗಳು. ಡಾಕ್ಸೊರುಬಿಸಿನ್, ಅದೇ ನಮ್ಮ ಕೆಂಪು ಔಷಧಿ, ಸಿರಿಂಜಿನಲ್ಲಿ ನಿಧಾನಕ್ಕೆ ತಳ್ಳುತ್ತಿದ್ದೆ. ಪಕ್ಕದಲ್ಲಿ ಡ್ರಿಪ್ ಓಡುತ್ತಿತ್ತು. ಔಷಧಿ ತಗೊಳ್ಳುತ್ತಿದ್ದ ರೋಗಿ "ಸ್ವಲ್ಪ ಚುರುಗುಡುತ್ತಿದೆ" ಅಂದರು. ನಾನು ಊರಿನ ಅಭ್ಯಾಸದಲ್ಲಿ "ಈಗ ಮುಗೀತು, ತಡ್ಕೊಳ್ಳಿ" ಅನ್ನುವವಳಿದ್ದೆ. ತರಬೇತಿ ಕೊಡುತ್ತಿದ್ದ ಸಿಸ್ಟರ್ ನನ್ನ ಕೈ ಮೇಲೆ ಕೈ ಇಟ್ಟುಬಿಟ್ಟರು. (ಹೌದು, ಇಲ್ಲಿ ಸಿಸ್ಟರ್ ಅಂದರೆ ಹಿರಿಯ ನರ್ಸಿನ ಹುದ್ದೆ. ನಮ್ಮಲ್ಲಿನ ಹಾಗೆ ಎಲ್ಲರೂ ಸಿಸ್ಟರ್ ಅಲ್ಲ.) ಆ ಔಷಧಿ ರಕ್ತನಾಳದಿಂದ ಆಚೆ ಸೋರಿದರೆ ಚರ್ಮ, ಅದರಡಿಯ ಮಾಂಸ ಸತ್ತೇ ಹೋಗಬಹುದು. ಮೊದಲು ನಿಲ್ಲಿಸಬೇಕು. ಕ್ಯಾನುಲಾ, ಅಂದರೆ ನರಕ್ಕೆ ಹಾಕಿದ ಸಣ್ಣ ಕೊಳವೆ, ಕೀಳಬಾರದು, ಅದರಿಂದಲೇ ಆದಷ್ಟು ವಾಪಸ್ ಎಳೆಯಬೇಕು, ಸುತ್ತ ಪೆನ್ನಿನಲ್ಲಿ ಗೆರೆ ಹಾಕಬೇಕು. ಇದಕ್ಕೆ ತಣ್ಣನೆಯ ಪಟ್ಟಿ, ವಿನ್‌ಕ್ರಿಸ್ಟಿನ್ ಅನ್ನುವ ಇನ್ನೊಂದು ಕೀಮೋ ಔಷಧಿ ಆದರೆ ಬಿಸಿ. ಇಷ್ಟೂ ನನಗೆ ಬಾಯಿಪಾಠ ಇತ್ತು. ಕೈ ಮಾತ್ರ ನಿಂತಿರಲಿಲ್ಲ.

ವಿನ್‌ಕ್ರಿಸ್ಟಿನ್ ಅಂದರೆ ಇಲ್ಲಿಯವರು ಯಾಕೆ ಅಷ್ಟು ಹೆದರುತ್ತಾರೆ ಅಂತ ನಿನಗೂ ಅನ್ನಿಸಿರಬೇಕು. 2001ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 18 ವರ್ಷದ ಹುಡುಗನೊಬ್ಬನಿಗೆ ರಕ್ತನಾಳಕ್ಕೆ ಹೋಗಬೇಕಿದ್ದ ಈ ಔಷಧಿಯನ್ನು ಬೆನ್ನಿಗೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ, ಚುಚ್ಚಿದರು. ಒಂದು ತಿಂಗಳಲ್ಲಿ ಹೋಗಿಬಿಟ್ಟ. ಅವನ ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್, ಹಿಡಿತಕ್ಕೆ ಬಂದಿತ್ತು, ಪಾಪ. ಅದಾದ ಮೇಲೆ ಬೆನ್ನಿಗೆ ಕೊಡುವ ಕೀಮೋವನ್ನು ರಿಜಿಸ್ಟರ್‌ನಲ್ಲಿ ಹೆಸರಿರುವವರು ಮಾತ್ರ ಮುಟ್ಟಬೇಕು ಅಂತಾಯಿತು. ದೊಡ್ಡವರಿಗೆ ವಿನ್‌ಕ್ರಿಸ್ಟಿನ್ ಸಿರಿಂಜಿನಲ್ಲಿ ಬರುವುದೇ ನಿಂತು, ಚಿಕ್ಕ ಬ್ಯಾಗಿನಲ್ಲಿ ಬರುತ್ತದೆ. ಬ್ಯಾಗನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ ಅಲ್ವಾ?

ನಮ್ಮ ಹಳೇ ಆಸ್ಪತ್ರೆಯಲ್ಲಿ ವಾರ್ಡಿನ ಮೂಲೆಯಲ್ಲಿ ಗ್ಲೌಸ್, ಮಾಸ್ಕ್ ಹಾಕಿಕೊಂಡು ನಾವೇ ಬೆರೆಸುತ್ತಿದ್ದೆವು. ಇಲ್ಲಿ ಫಾರ್ಮಸಿಯಿಂದ ಸಿದ್ಧವಾಗಿ ಬರುತ್ತದೆ, ಅದೊಂದು ನೆಮ್ಮದಿ. ಆದರೆ ಇಬ್ಬರು ನರ್ಸ್ ಪರೀಕ್ಷಿಸುವುದು ಅಂದರೆ ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಅವಳು ನೋಡಿದ್ದಾಳೆ ಅಂತ ಸುಮ್ನೆ ಸೈನ್ ಹಾಕಬೇಡ. ಪ್ಲೇಟ್‌ಲೆಟ್ ಕಮ್ಮಿ ಇದ್ದರೆ ಕನ್ಸಲ್ಟೆಂಟ್, ಅಂದರೆ ಹಿರಿಯ ಡಾಕ್ಟರ್‌ಗೆ ಫೋನ್ ಮಾಡಿ, ನೀವು ನೋಡಿ ಹೇಳುವ ತನಕ ಕೊಡುವುದಿಲ್ಲ ಅನ್ನಬೇಕು. ಅದೂ ಅವರ ಹೆಸರು ಹಿಡಿದು ಕರೆದು! ನನಗೆ ಇದು ಕಲಿಯಲು ಕ್ಯಾನುಲಾ ಹಾಕುವುದಕ್ಕಿಂತ ಜಾಸ್ತಿ ದಿನ ಬೇಕಾಯಿತು.

ಮುಂದೆ ಕೀಮೋ ತಗೊಂಡು ಮನೆಯಲ್ಲಿರುವ ರೋಗಿಗಳ ಸಹಾಯವಾಣಿ ಫೋನಿಗೆ ಕೂರಿಸುತ್ತಾರೆ. ಇಲ್ಲಿಯ ಮುದುಕರು ನಮ್ಮ ಊರಿನ ಅಜ್ಜಿಯರ ಹಾಗೆಯೇ. ಜ್ವರದಲ್ಲಿ ಸುಡುತ್ತಿದ್ದರೂ "ನಾಟ್ ಟೂ ಬ್ಯಾಡ್, ಲವ್" ಅನ್ನುತ್ತಾರೆ. ನಮ್ಮಜ್ಜಿಯ "ಏನಿಲ್ಲ ಬಿಡವ್ವ" ನೆನಪು ಮಾಡಿಕೋ. ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ ಅಂತ ಕೇಳು. 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ತಕ್ಷಣ ಆಸ್ಪತ್ರೆಗೆ ಕರೆಸು. ಬಿಳಿ ರಕ್ತಕಣ ಕುಸಿದು ಸೋಂಕು ತಗಲಿದ್ದರೆ ಅವರು ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು.

ಪಾಸ್‌ಪೋರ್ಟ್‌ಗೆ ಸೈನ್ ಮಾಡಿಸಿಕೊಳ್ಳಲು ಅವಸರ ಮಾಡಬೇಡ. ಇನ್ನೂ ಧೈರ್ಯ ಬಂದಿಲ್ಲ ಅಂದರೆ ಇಲ್ಲಿ ಯಾರೂ ನಗುವುದಿಲ್ಲ. ಮತ್ತೆ, ಚಳಿಗಾಲದಲ್ಲಿ ರೋಗಿಗಳ ಕೈ ಮಂಜುಗಡ್ಡೆಯಾಗಿರುತ್ತದೆ, ನರವೇ ಸಿಗುವುದಿಲ್ಲ. ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ ಇಡಿಸು, ಆಮೇಲೆ ಸೂಜಿ ಹಿಡಿ.