ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ಯಾರಿಸ್‌ನಲ್ಲಿ ಯಾವ ಬಡಾವಣೆಯಲ್ಲಿ ಉಳಿಯಬೇಕು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಬರುವ ಮೇ ತಿಂಗಳಲ್ಲಿ ನಾನು, ನನ್ನ ಪತ್ನಿ, ಮಗಳು ಮತ್ತು ಎಂಟು ವರ್ಷದ ಮೊಮ್ಮಗ ಐದು ರಾತ್ರಿಗಳ ಮಟ್ಟಿಗೆ ಪ್ಯಾರಿಸ್‌ಗೆ ಹೊರಟಿದ್ದೇವೆ. ಹೋಟೆಲ್ ಹುಡುಕುವಾಗ ‘ಸೇಂಟ್ ಡೆನಿಸ್’ ಎಂಬ ಹೆಸರಿರುವ ಮೂರು ವಿಳಾಸಗಳು ನಮ್ಮ ಕೈಗೆಟಕುವ ದರದಲ್ಲಿ ಸಿಕ್ಕಿವೆ. ನಗರದ ಉತ್ತರ ಭಾಗದಲ್ಲಿ ಮಾತ್ರ ಉಳಿಯಬೇಡಿ, ಅದರಲ್ಲೂ ಹದಿನೆಂಟನೇ ವಾರ್ಡ್ ಬೇಡವೇ ಬೇಡ ಎಂದು ನೆಂಟರೊಬ್ಬರು ಎಚ್ಚರಿಸಿದ್ದಾರೆ. ನಾವು ಸಸ್ಯಾಹಾರಿಗಳು, ನಮ್ಮ ಊಟ ಸಿಗುವುದು ಆ ಉತ್ತರ ಭಾಗದಲ್ಲೇ ಎಂದೂ ಕೇಳಿದ್ದೇವೆ. ಏನು ಮಾಡಬೇಕು? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ನಮ್ಮ ಹಿರಿಯರ ಮಾತನ್ನು ನಿಮ್ಮ ನೆಂಟರು ಪ್ಯಾರಿಸ್‌ಗೂ ಅನ್ವಯಿಸಿದಂತಿದೆ. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಇಡೀ ಉತ್ತರ ದಿಕ್ಕನ್ನೇ ಬಹಿಷ್ಕರಿಸುವಷ್ಟಿಲ್ಲ. ಮೊದಲು ನಿಮ್ಮ ಮೂರು ವಿಳಾಸಗಳ ಗೋಜಲನ್ನು ಬಿಡಿಸೋಣ, ಏಕೆಂದರೆ ಹೆಸರು ಒಂದೇ ಆದರೂ ಅವು ಮೂರು ಬೇರೆ ಬೇರೆ ಜಾಗಗಳಾಗಿರಬಹುದು.

ಫ್ರೆಂಚರು ‘ಸ್ಯಾಂ ದನಿ’ ಎಂದು ಉಚ್ಚರಿಸುವ ಈ ಸಂತನ ಹೆಸರಿನಲ್ಲಿ ಪ್ಯಾರಿಸ್‌ನ ಹೊರಗೆ, ಉತ್ತರಕ್ಕೆ, ಪ್ರತ್ಯೇಕವಾದ ಒಂದು ಪಟ್ಟಣವಿದೆ. ಫ್ರಾನ್ಸಿನ ಅರಸರ ಸಮಾಧಿಗಳಿರುವ ಪ್ರಾಚೀನ ಚರ್ಚು ಮತ್ತು ದೊಡ್ಡ ರಾಷ್ಟ್ರೀಯ ಕ್ರೀಡಾಂಗಣ ಅಲ್ಲಿರುವುದು. ಅದರ ಪಿನ್‌ಕೋಡ್ 93ರಿಂದ ಆರಂಭವಾಗುತ್ತದೆ. ಎರಡನೆಯದು ನಗರದ ನಡುಮಧ್ಯೆ, ಒಂದು ಮತ್ತು ಎರಡನೇ ವಾರ್ಡ್‌ಗಳಲ್ಲಿ ಹಾದುಹೋಗುವ ಸ್ಯಾಂ ದನಿ ರಸ್ತೆ. ಅದೇ ದಾರಿ ಮುಂದುವರಿದು ಹತ್ತನೇ ವಾರ್ಡ್‌ನಲ್ಲಿ ಫೋಬೂರ್ ಸ್ಯಾಂ ದನಿ ಎಂಬ ಮೂರನೆಯ ಹೆಸರು ಪಡೆದು, ಗಾರ್ ದ್ಯು ನೋರ್ ಎಂಬ ದೊಡ್ಡ ರೈಲು ನಿಲ್ದಾಣದ ಪಕ್ಕದಿಂದ ಸಾಗುತ್ತದೆ. ಹೋಟೆಲ್‌ಗಳ ಜಾಹೀರಾತಿನಲ್ಲಿ ಈ ಮೂರೂ ‘ಪ್ಯಾರಿಸ್’ ಎಂದೇ ಕಾಣುವುದರಿಂದ ಹೆಸರನ್ನು ನಂಬದೆ ಪಿನ್‌ಕೋಡ್ ನೋಡುವುದು ಕ್ಷೇಮ. ನಗರದೊಳಗಿನ ಎಲ್ಲ ಪಿನ್‌ಕೋಡ್‌ಗಳೂ 75ರಿಂದ ಆರಂಭವಾಗುತ್ತವೆ, ಕೊನೆಯ ಎರಡು ಅಂಕಿಗಳು ವಾರ್ಡ್ ಸಂಖ್ಯೆಯನ್ನೇ ಸೂಚಿಸುತ್ತವೆ. 75005 ಎಂದರೆ ಐದನೇ ವಾರ್ಡ್, 75018 ಎಂದರೆ ಹದಿನೆಂಟು. 92, 93, 94ರಿಂದ ಆರಂಭವಾದರೆ ಅದು ವರ್ತುಲ ರಸ್ತೆಯಾಚೆಗಿನ ಉಪನಗರ.

ವಾರ್ಡ್ ಎಂದು ನಾವು ಕರೆಯುತ್ತಿರುವ ಈ ವಿಭಾಗಗಳು ಇಪ್ಪತ್ತಿವೆ. 1860ರಲ್ಲಿ ಸುತ್ತಲಿನ ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಂಡಾಗ, ಲೂವ್ರ್ ಅರಮನೆಯಿರುವ ಭಾಗವನ್ನು ಒಂದೆಂದು ಇಟ್ಟುಕೊಂಡು, ಬಸವನಹುಳುವಿನ ಚಿಪ್ಪಿನ ಸುರುಳಿಯಂತೆ ಪ್ರದಕ್ಷಿಣಾಕಾರವಾಗಿ ಎಣಿಸುತ್ತ ಹೋದರು. ಆದ್ದರಿಂದ ಸಂಖ್ಯೆ ದೊಡ್ಡದಾದಂತೆ ಕೇಂದ್ರದಿಂದ ದೂರವಾಗುತ್ತದೆಯೇ ಹೊರತು ಅಪಾಯ ಹೆಚ್ಚುತ್ತದೆಂದು ಅರ್ಥವಲ್ಲ. ಹದಿನೈದು ಮತ್ತು ಹದಿನಾರು ಎರಡೂ ಹೊರಸುತ್ತಿನಲ್ಲಿವೆ, ಎರಡೂ ನಿಶ್ಶಬ್ದವಾದ ವಸತಿ ಪ್ರದೇಶಗಳು. ಹದಿನೆಂಟನೇ ವಾರ್ಡ್‌ನದಂತೂ ಒಂದೇ ಚಹರೆಯಲ್ಲ. ಸಾಕ್ರೆ ಕರ್ ಚರ್ಚಿರುವ ಮೋಂಮಾರ್ತ್ ಗುಡ್ಡದ ಹಿಂಬದಿಯ ಬೀದಿಗಳಲ್ಲಿ ದುಬಾರಿ ಮನೆಗಳೂ ಬೇಕರಿಗಳೂ ಮಕ್ಕಳ ಶಾಲೆಗಳೂ ಇವೆ. ಅಲ್ಲಿಂದ ಹತ್ತು ಹದಿನೈದು ನಿಮಿಷ ಪೂರ್ವಕ್ಕೆ ನಡೆದರೆ ಬಾರ್ಬೆಸ್ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಕಳ್ಳಮಾಲಿನ ಸಿಗರೇಟ್ ಮಾರುವವರ ಗುಂಪು ದಾರಿ ಬಿಡದಂತೆ ನಿಂತಿರುತ್ತದೆ. ಎರಡೂ ಕಡೆಯ ಪಿನ್‌ಕೋಡ್ ಒಂದೇ.

ಹೀಗಾಗಿ ವಾರ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಮೆಟ್ರೊ ಬಾಗಿಲಿನಿಂದ ಹೋಟೆಲ್ ಬಾಗಿಲವರೆಗಿನ ಕೊನೆಯ ಐನೂರು ಮೀಟರ್ ಹೇಗಿದೆ, ನಾವು ಅಲ್ಲಿ ನಡೆಯುವ ಹೊತ್ತಿಗೆ ಹೇಗಿರುತ್ತದೆ ಎಂದು ವಿಚಾರಿಸುವುದು ಮೇಲೆಂಬುದು ನನ್ನ ಅನುಭವ. ಗೂಗಲ್ ನಕ್ಷೆಯ ಬೀದಿಚಿತ್ರದಲ್ಲಿ ಆ ದಾರಿಯನ್ನು ಬೆರಳಿನಿಂದಲೇ ನಡೆದು ನೋಡಬಹುದು. ಔಷಧಿ ಅಂಗಡಿಯ ಹಸಿರು ಶಿಲುಬೆ, ಬ್ರೆಡ್ ಅಂಗಡಿ, ಶಾಲೆಯ ಗೇಟು, ಕೆಫೆಯ ಮುಂದೆ ಹಾಕಿದ ಕುರ್ಚಿಗಳು ಕಂಡರೆ ಅದು ಜನ ಬಾಳುವ ಬೀದಿ. ಉದ್ದಕ್ಕೂ ಮುಚ್ಚಿದ ಶಟರ್‌ಗಳು, ರೈಲ್ವೆ ಹಳಿಗಳ ಪಕ್ಕದ ಗೋಡೆ, ಮೇಲ್ಸೇತುವೆಯ ಕೆಳಗಿನ ಕತ್ತಲು ಕಂಡರೆ ದರ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.

ನಿಮ್ಮ ಕುಟುಂಬಕ್ಕೆ ನಾನು ಸೂಚಿಸುವುದು ಹದಿನಾಲ್ಕನೇ ವಾರ್ಡ್‌ನ ದಾಂಫೇರ್ ರೋಶ್ರೋ ಚೌಕದ ಆಸುಪಾಸು. ಚಿತ್ರಪಟಗಳಲ್ಲಿ ಬರುವಂಥ ಚೆಲುವು ಅಲ್ಲಿಲ್ಲ, ಐಫೆಲ್ ಗೋಪುರ ಕಿಟಕಿಯಿಂದ ಕಾಣಿಸುವುದಿಲ್ಲ. ಆದರೆ ಚಾರ್ಲ್ಸ್ ದ ಗೋಲ್ ವಿಮಾನ ನಿಲ್ದಾಣದಿಂದ ಬರುವ ಬಿ ಮಾರ್ಗದ ರೈಲು ನೇರವಾಗಿ ಅಲ್ಲಿಗೆ ತಲುಪಿಸುತ್ತದೆ. ಆರನೇ ಮಾರ್ಗದ ಮೆಟ್ರೊ ಹತ್ತಿ ಕುಳಿತರೆ, ಸುಮಾರು ಅರ್ಧ ದಾರಿ ನೆಲದ ಮೇಲೆಯೇ ಸಾಗಿ ಐಫೆಲ್ ಗೋಪುರದ ಸಮೀಪದ ಬೀರ್ ಹಕೇಂ ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿ ಇಳಿಯದೆ ಇನ್ನೊಂದು ನಿಲ್ದಾಣ ಮುಂದೆ ಹೋದರೆ ರೈಲು ಸೇತುವೆಯ ಮೇಲೆ ಸೇನ್ ನದಿಯನ್ನು ದಾಟುವಾಗ ಗೋಪುರ ಪೂರ್ತಿಯಾಗಿ ಕಾಣುತ್ತದೆ, ನಿಮ್ಮ ಮೊಮ್ಮಗನಿಗೆ ಅದೊಂದೇ ಸಾಕು. ಪಕ್ಕದ ದಾಗೇರ್ ಬೀದಿಯಲ್ಲಿ ಹಣ್ಣು, ತರಕಾರಿ, ಬ್ರೆಡ್, ಚೀಸ್ ಅಂಗಡಿಗಳ ಸಾಲೇ ಇದೆ. ಅಲ್ಲಿ ಕೋಣೆ ಸಿಗದಿದ್ದರೆ ಹದಿನೈದನೇ ವಾರ್ಡ್‌ನ ಕೋಮೆರ್ಸ್ ಬೀದಿಯ ಸುತ್ತ ನೋಡಿ. ಹಣ ತುಸು ಹೆಚ್ಚಾದರೂ ಪರವಾಗಿಲ್ಲವೆಂದರೆ ಐದನೇ ವಾರ್ಡ್‌ನ ಸಸ್ಯೋದ್ಯಾನದ ಬಳಿ ನೋಡಿ.

ಊಟದ ವಿಚಾರ. ನೀವು ಕೇಳಿದ್ದು ನಿಜ. ಗಾರ್ ದ್ಯು ನೋರ್ ಹಿಂದಿನ ಲಾ ಶಾಪೆಲ್ ಪ್ರದೇಶದಲ್ಲಿ ಶ್ರೀಲಂಕಾದ ತಮಿಳರು 1980ರ ದಶಕದಿಂದ ನೆಲೆಸಿದ್ದಾರೆ. ಕರಿಬೇವು, ನುಗ್ಗೆಕಾಯಿ, ಮಲ್ಲಿಗೆ ಹೂವು ಅಲ್ಲಿ ಸಿಗುತ್ತವೆ; ಕಾಯ್ ಎಂಬ ಸಣ್ಣ ಬೀದಿಯಲ್ಲಿ ದೋಸೆ ಮತ್ತು ಸಸ್ಯಾಹಾರಿ ಊಟ ಸಿಗುತ್ತದೆ; ಸ್ವಲ್ಪ ಮುಂದೆ ಪಾಜೋಲ್ ಬೀದಿಯಲ್ಲಿ ಗಣಪತಿ ದೇವಸ್ಥಾನವಿದೆ, ಅಲ್ಲಿನ ಬೇಸಿಗೆಯ ಕೊನೆಗೆ, ಆಗಸ್ಟ್ ಅಂತ್ಯದ ಹೊತ್ತಿಗೆ, ಅಲ್ಲಿಂದ ರಥ ಹೊರಟಾಗ ರಸ್ತೆಯ ಮೇಲೆ ತೆಂಗಿನಕಾಯಿ ಒಡೆಯುತ್ತಾರೆ. ಹಗಲಿನಲ್ಲಿ ಅದು ನಮ್ಮ ಮಾರುಕಟ್ಟೆ ಬೀದಿಯಂತೆ ಗಿಜಿಗುಡುವ, ಪಿಕ್‌ಪಾಕೆಟ್ ಆಗದಂತೆ ಎಚ್ಚರವಾಗಿದ್ದರೆ ಸಾಕೆನ್ನುವಂಥ ಜಾಗ. ತಡರಾತ್ರಿ ಮಗುವನ್ನು ಕರೆದುಕೊಂಡು ನಡೆಯಲು ನಾನು ಒಪ್ಪುವುದಿಲ್ಲ. ಅಲ್ಲಿಂದ ಸ್ತಾಲಿನ್‌ಗ್ರಾಡ್ ನಿಲ್ದಾಣದ ಕಡೆಗೂ ಉತ್ತರದ ಪೋರ್ತ್ ದ ಲಾ ಶಾಪೆಲ್ ಕಡೆಗೂ ಮಾದಕವಸ್ತುವಿನ ಹಾವಳಿ ಬಹಳ ಕಾಲದಿಂದ ಇದೆ. ದಾಂಫೇರ್‌ನಿಂದ ಗಾರ್ ದ್ಯು ನೋರ್‌ಗೆ ಅದೇ ಬಿ ಮಾರ್ಗದ ರೈಲಿನಲ್ಲಿ ಐದು ನಿಲ್ದಾಣ ಮಾತ್ರ. ಮಧ್ಯಾಹ್ನ ಅಲ್ಲಿ ಊಟ ಮಾಡಿ, ರಾತ್ರಿಗೆ ಒಂದಿಷ್ಟು ಕಟ್ಟಿಸಿಕೊಂಡು ಬನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಪ್ಯಾರಿಸ್‌ನಲ್ಲಿ ಪ್ರವಾಸಿಗರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ತಾವು ಮಲಗುವ ಬಡಾವಣೆಯಲ್ಲಲ್ಲ, ಎಲ್ಲರೂ ನೋಡಲು ಹೋಗುವ ಜಾಗಗಳಲ್ಲಿ. ಸಾಕ್ರೆ ಕರ್ ಮೆಟ್ಟಿಲುಗಳ ಬುಡದಲ್ಲಿ ಬಣ್ಣದ ದಾರ ಹಿಡಿದವರು ನಿಮ್ಮ ಬೆರಳಿಗೆ ಅದನ್ನು ಸುತ್ತಿಯೇ ಬಿಡುತ್ತಾರೆ, ಆಮೇಲೆ ಬಿಚ್ಚಲು ಹಣ ಕೇಳುತ್ತಾರೆ. ಕೈ ಜೇಬಿನಲ್ಲಿಟ್ಟುಕೊಂಡು ನಿಲ್ಲದೆ ಹತ್ತಿಬಿಡಿ. ಐಫೆಲ್ ಗೋಪುರದ ಬಳಿ ಮೂರು ಬಟ್ಟಲು ಒಂದು ಗೋಲಿಯ ಆಟದಲ್ಲಿ ಗೆಲ್ಲುತ್ತಿರುವಂತೆ ಕಾಣುವವರೆಲ್ಲ ಆಟ ಆಡಿಸುವವನ ಕಡೆಯವರೇ. ನನ್ನ ಮೊಬೈಲ್ ಹೋದದ್ದು ಶ್ರೀಮಂತರ ಬಡಾವಣೆಯೊಂದರ ಮೆಟ್ರೊ ನಿಲ್ದಾಣದಲ್ಲಿ, ಸಂಜೆ ಐದಕ್ಕೆ. ಬಾಗಿಲ ಬಳಿ ನಿಂತು ನಕ್ಷೆ ನೋಡುತ್ತಿದ್ದೆ, ಬಾಗಿಲು ಮುಚ್ಚುವ ಗಂಟೆ ಬಡಿಯಿತು, ಒಂದು ಕೈ ಬಂತು, ಬಾಗಿಲು ಮುಚ್ಚಿತು. ಗಾಜಿನಾಚೆ ಆ ಹುಡುಗ ಓಡಲೂ ಇಲ್ಲ, ನಿಧಾನವಾಗಿ ನಡೆದೇ ಹೋದ. ನಿಮ್ಮ ಪತ್ನಿ ಮತ್ತು ಮಗಳಿಗೆ ತಿಳಿಸಿ: ಮಾಂಗಲ್ಯದ ಸರವನ್ನು ಸೆರಗಿನ ಅಥವಾ ಸ್ವೆಟರ್‌ನ ಒಳಗಿರಿಸಿಕೊಳ್ಳಲಿ, ಉಳಿದ ಚಿನ್ನವನ್ನು ಶಿವಮೊಗ್ಗದಲ್ಲೇ ಬಿಟ್ಟು ಬರಲಿ.

ನಾಲ್ವರಿಗೆ ಸಾಮಾನು ಹೆಚ್ಚಿರುವುದರಿಂದ ಬಂದ ದಿನ ರೈಲಿಗಿಂತ ಟ್ಯಾಕ್ಸಿಯೇ ಲೇಸು. ಬಹುತೇಕ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಆ ವಿಮಾನ ನಿಲ್ದಾಣದಿಂದ ನಗರಕ್ಕೆ ಸರ್ಕಾರವೇ ನಿಗದಿಪಡಿಸಿದ ದರವಿದೆ, ನದಿಯ ಬಲದಂಡೆಗೆ ಒಂದು, ಎಡದಂಡೆಗೆ ತುಸು ಹೆಚ್ಚು, ದಾಂಫೇರ್ ಎಡದಂಡೆಯಲ್ಲಿದೆ. ಹೊರಗಿನ ಟ್ಯಾಕ್ಸಿ ಸಾಲಿನಲ್ಲಿ ನಿಂತೇ ಹತ್ತಿ, ಒಳಗೆ ಬಂದು ‘ಟ್ಯಾಕ್ಸಿ ಬೇಕೇ’ ಎಂದು ಕೇಳುವವರ ಹಿಂದೆ ಹೋಗಬೇಡಿ.

ಪ್ರಶ್ನೆ: ಕಚೇರಿಯ ಪರವಾಗಿ ಡಿಸೆಂಬರ್‌ನಲ್ಲಿ ಮೂರು ದಿನಗಳ ಸಮ್ಮೇಳನಕ್ಕೆ ಒಬ್ಬಳೇ ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಸಮ್ಮೇಳನ ಪೋರ್ತ್ ಮಾಯೋ ಬಳಿಯ ಸಭಾಭವನದಲ್ಲಿ. ರಾತ್ರಿ ಊಟ ಮುಗಿಸಿ ಹಿಂತಿರುಗುವಾಗ ಹತ್ತು ಗಂಟೆ ಆಗಬಹುದು. ಯಾವುದನ್ನು ಗಮನಿಸಬೇಕು? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ಮೊದಲು ಗಮನಿಸಬೇಕಾದದ್ದು ಸೂರ್ಯನನ್ನು. ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ‘ರಾತ್ರಿ ಒಂಬತ್ತಕ್ಕೆ ಒಬ್ಬಳೇ ನಡೆದು ಬಂದೆ, ಏನೂ ತೊಂದರೆಯಿಲ್ಲ’ ಎಂದು ಬೇಸಿಗೆಯಲ್ಲಿ ಬಂದು ಹೋದವರು ಬರೆದ ಅಭಿಪ್ರಾಯ ನಿಮಗೆ ಉಪಯೋಗಕ್ಕೆ ಬಾರದು. ಹೋಟೆಲಿನ ಬಗ್ಗೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಬರೆದದ್ದನ್ನು ಮಾತ್ರ ಆರಿಸಿ ಓದಿ.

ಸಭಾಭವನಕ್ಕೆ ನಡೆದೇ ಹೋಗಬಹುದಾದಲ್ಲಿ ಉಳಿಯಿರಿ. ಹದಿನೇಳನೇ ವಾರ್ಡ್‌ನ ತೆರ್ನ್ ಪ್ರದೇಶ ನಿಮಗೆ ಸರಿಹೊಂದುತ್ತದೆ. ಅಂಗಡಿಗಳೂ ಊಟದ ಮನೆಗಳೂ ರಾತ್ರಿಯವರೆಗೆ ತೆರೆದಿರುವ ಅಗಲವಾದ ರಸ್ತೆಗಳು ಅಲ್ಲಿವೆ. ನಕ್ಷೆಯಲ್ಲಿ ಸಭಾಭವನದ ಪಕ್ಕದಲ್ಲೇ ಹಸಿರಾಗಿ ಕಾಣುವ ಬ್ವಾ ದ ಬುಲೋನ್ಯ್ ಎಂಬುದನ್ನು ನಮ್ಮ ಕಬ್ಬನ್ ಪಾರ್ಕ್‌ನಂತೆ ಭಾವಿಸಬೇಡಿ. ಅದು ಸುಮಾರು 850 ಹೆಕ್ಟೇರ್ ವಿಸ್ತಾರದ ಕಾಡು. ಹಗಲು ಮಕ್ಕಳೂ ಸೈಕಲ್ ಸವಾರರೂ ತುಂಬಿರುವ ಅದೇ ಕಾಡಿನ ಅಂಚಿನಲ್ಲಿ ಕತ್ತಲಾದ ಮೇಲೆ ವೇಶ್ಯಾವಾಟಿಕೆ ನಡೆಯುತ್ತದೆ. ನಕ್ಷೆಯು ಅದರ ಮೂಲಕ ಒಳದಾರಿ ತೋರಿಸಿದರೂ ಬಳಸಬೇಡಿ.

ಕೋಣೆ ಕಾಯ್ದಿರಿಸುವಾಗ ನೆಲಮಹಡಿಯ ರಸ್ತೆಬದಿಯ ಕೋಣೆ ಬೇಡವೆಂದು ಬರೆದು ತಿಳಿಸಿ. ಸ್ವಾಗತ ಕೌಂಟರ್‌ನಲ್ಲಿ ಇಡೀ ರಾತ್ರಿ ಸಿಬ್ಬಂದಿ ಇರುತ್ತಾರೆಯೇ ಎಂದು ಕೇಳಿ, ಏಕೆಂದರೆ ಸಣ್ಣ ಹೋಟೆಲ್‌ಗಳಲ್ಲಿ ರಾತ್ರಿ ಬಾಗಿಲು ಹಾಕಿ ಸಂಕೇತಸಂಖ್ಯೆಯೊಂದನ್ನು ಕೊಟ್ಟು ಹೊರಟುಬಿಡುವವರೂ ಇದ್ದಾರೆ. ಮೆಟ್ರೊ ನಡುರಾತ್ರಿ ಒಂದರವರೆಗೂ, ಶುಕ್ರವಾರ ಮತ್ತು ಶನಿವಾರ ಇನ್ನೊಂದು ತಾಸು ಹೆಚ್ಚೂ ಓಡುತ್ತದೆ. ಹತ್ತು ಗಂಟೆಯ ಹೊತ್ತಿಗೆ ಜನ ಇದ್ದೇ ಇರುತ್ತಾರೆ. ಆದರೂ ದೂರ ಹೋಗಬೇಕಾಗಿ ಬಂದರೆ ಬಸ್ಸನ್ನು ಮರೆಯಬೇಡಿ: ರಾತ್ರಿ ಹತ್ತರ ನಂತರ ಅನೇಕ ಬಸ್ಸುಗಳಲ್ಲಿ ಚಾಲಕರಿಗೆ ಮೊದಲೇ ಹೇಳಿದರೆ ಎರಡು ನಿಲ್ದಾಣಗಳ ನಡುವೆ, ನಿಮ್ಮ ಬೀದಿಯ ತಿರುವಿಗೆ ಹತ್ತಿರದಲ್ಲಿ ಇಳಿಸುತ್ತಾರೆ. ನಮ್ಮ ಹಳ್ಳಿ ಬಸ್ಸುಗಳಲ್ಲಿ ಕೈ ತೋರಿಸಿದಲ್ಲಿ ನಿಲ್ಲಿಸುವ ಸೌಜನ್ಯವನ್ನು ಅಲ್ಲಿ ನಿಯಮವಾಗಿಯೇ ಮಾಡಿದ್ದಾರೆ. ತುರ್ತಿಗೆ 112, ಪೊಲೀಸರಿಗೆ 17.

ಪ್ರಶ್ನೆ: ಹೋಟೆಲಿಗೆ ಬದಲು ಅಡುಗೆಮನೆಯಿರುವ ಫ್ಲ್ಯಾಟ್ ಬಾಡಿಗೆಗೆ ಪಡೆಯುವುದು ಸುರಕ್ಷಿತವೇ? ವೀಸಾಕ್ಕೂ ವಸತಿಯ ದಾಖಲೆ ಬೇಕಲ್ಲವೇ? – ಓದುಗರೊಬ್ಬರು, ಮೈಸೂರು

ಉತ್ತರ: ಅನ್ನ, ಸಾರು ಮಾಡಿಕೊಳ್ಳುವವರಿಗೆ ಅನುಕೂಲವೇ. ಪ್ಯಾರಿಸ್‌ನಲ್ಲಿ ಪ್ರವಾಸಿಗರಿಗೆ ಅಲ್ಪಾವಧಿಗೆ ಮನೆ ಕೊಡುವವರು ನಗರಸಭೆಯಲ್ಲಿ ನೋಂದಾಯಿಸಿ, ಆ ನೋಂದಣಿ ಸಂಖ್ಯೆಯನ್ನು ಜಾಹೀರಾತಿನಲ್ಲೇ ಮುದ್ರಿಸಬೇಕೆಂಬ ನಿಯಮವಿದೆ. ಸಂಖ್ಯೆಯಿಲ್ಲದ ಮನೆಯನ್ನು ಆರಿಸಬೇಡಿ. ಜಾಲತಾಣವನ್ನು ಬಿಟ್ಟು ನೇರವಾಗಿ ಬ್ಯಾಂಕಿಗೆ ಹಣ ಕಳಿಸಿ, ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ ಎನ್ನುವವರ ಸಹವಾಸವಂತೂ ಬೇಡವೇ ಬೇಡ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗನ್ ವೀಸಾದ ಅರ್ಜಿಗೆ ಉಳಿಯುವ ಅಷ್ಟೂ ರಾತ್ರಿಗಳ ವಸತಿಯ ದಾಖಲೆ ಬೇಕು. ಆದ್ದರಿಂದ ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಬುಕಿಂಗ್ ಮಾಡಿಸಿ, ವೀಸಾ ಬಂದ ಮೇಲೆ ಬೀದಿಯನ್ನು ಇನ್ನೊಮ್ಮೆ ಪರಿಶೀಲಿಸಿ ಖಚಿತಪಡಿಸಿಕೊಳ್ಳಿ.

‘ಲಿಫ್ಟ್ ಇಲ್ಲ, ಐದನೇ ಮಹಡಿ’ ಎಂದು ಬರೆದಿದ್ದರೆ ಅದನ್ನು ಅಕ್ಷರಶಃ ನಂಬಿ. ಹಳೆಯ ಕಟ್ಟಡಗಳಲ್ಲಿ ಬೀದಿಬಾಗಿಲಿಗೊಂದು, ಒಳಗಿನ ಅಂಗಳದ ಬಾಗಿಲಿಗೊಂದು ಸಂಕೇತಸಂಖ್ಯೆ ಇರುವುದುಂಟು. ಅವೆರಡನ್ನೂ ಮನೆಯ ವಿಳಾಸವನ್ನೂ ಒಂದೇ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಬೇಡಿ. ವಿಳಾಸ ಒಬ್ಬರ ಬಳಿ ಇರಲಿ, ಸಂಖ್ಯೆಗಳು ಇನ್ನೊಬ್ಬರ ಬಳಿ ಕಾಗದದ ಮೇಲಿರಲಿ. ಮೊಬೈಲ್ ಕಳೆದುಹೋದ ರಾತ್ರಿ ಬಾಗಿಲು ತೆರೆಯುವುದು ಆ ಕಾಗದವೇ.